ಹೆಡ್ ಬಿಚ್ಚುವ ಮೊದಲು

ರೇಡಿಯೇಟರಿನ ನೀರು ಇಳಿಯುತ್ತದೆ, ಆದರೆ ಕೆಳಗೆ ನೆಲ ಒಣಗಿಯೇ ಇರುತ್ತದೆ. ಹೀಗಾದರೆ ನನ್ನ ಅನುಮಾನ ಮೊದಲು ಹೋಗುವುದು ಹೆಡ್ ಗ್ಯಾಸ್ಕೆಟ್ ಕಡೆಗೆ, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಸೋರಿಕೆ ತಡೆಯುವ ತೆಳು ಹಾಳೆಯ ಕಡೆಗೆ. ಹಾಗಂತ ಅನುಮಾನದ ಮೇಲೆ ಹೆಡ್ ಬಿಚ್ಚಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಮನೆಯ ಹಳೆಯ ಆಲ್ಟೊ, 796 ಸಿಸಿ, ಮೂರು ಸಿಲಿಂಡರಿನದು. ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಮನೆಮಂದಿಯೆಲ್ಲ ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದೆವು. ಕೊರ್ತಿ-ಕೊಲ್ಹಾರ ಸೇತುವೆ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಎಸಿ ಆರಿಸಿ, ಹೀಟರ್ ಪೂರ್ತಿ ತೆರೆದು, ನೆರಳು ಸಿಕ್ಕಲ್ಲಿ ಗಾಡಿ ನಿಲ್ಲಿಸಿದೆ. ಎಂಜಿನ್ ಪೂರ್ತಿ ಆರುವ ತನಕ ರೇಡಿಯೇಟರಿನ ಕ್ಯಾಪ್ ಮುಟ್ಟಲಿಲ್ಲ. ಆ ಕ್ಯಾಪ್ ನೀರನ್ನು ಒತ್ತಡದಲ್ಲಿ ಹಿಡಿದಿರುತ್ತದೆ. 0.9 ಬಾರ್ ಕ್ಯಾಪ್ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿ ತನಕ ಕುದಿಯುವುದಿಲ್ಲ. ಬಿಸಿಯಲ್ಲೇ ಅದನ್ನು ತಿರುವಿದರೆ ಒತ್ತಡ ಬಿಟ್ಟು, ಒಳಗಿನದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಹಾಗೆ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಗಾಡಿ ಮನೆಗೆ ಬಂದ ಮೇಲೆ, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಪಕ್ಕದ ಮನೆಯ ಹುಡುಗ ನೋಡಿದವನೇ, "ಕಾಕಾ, ಹೆಡ್ ಹೋಗೈತ್ರಿ, ಬಿಚ್ಚಿಬಿಡೂಣು" ಅಂದ. "ತಡಿಯೋ ತಮ್ಮಾ, ಮೊದ್ಲ ಪ್ಲಗ್ ಬಿಚ್ಚು" ಅಂದೆ.

ಮೂರನೇ ಪ್ಲಗ್ಗಿನ ತುದಿ ತೊಳೆದಿಟ್ಟಂತೆ ಬೆಳ್ಳಗಿತ್ತು, ಉಳಿದೆರಡು ಕಂದು ಬಣ್ಣದವು. ಸಿಲಿಂಡರಿಗೆ ನೀರು ಹೋದರೆ ಹಬೆಯೇ ಮಸಿ ತೊಳೆಯುತ್ತದೆ. ಪ್ಲಗ್ ಮತ್ತೆ ಕೂರಿಸಿ, ತಣ್ಣಗಿದ್ದ ಎಂಜಿನ್ನನ್ನು ಕ್ಯಾಪ್ ತೆರೆದಿಟ್ಟೇ ಚಾಲೂ ಮಾಡಿದೆ. ಮೊದಲು ಒಂದೆರಡು ಗುಳ್ಳೆ ಬರುವುದು ಸಿಕ್ಕಿಕೊಂಡ ಗಾಳಿಯಿಂದ. ಇಲ್ಲಿ ಅವು ನಿಲ್ಲಲೇ ಇಲ್ಲ, ಎಕ್ಸಿಲೇಟರ್ ಕೊಟ್ಟಾಗ ಇನ್ನೂ ಹೆಚ್ಚಾದವು, ಅಂದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿತ್ತು. ಆಯಿಲಿಗೆ ನೀರು ಸೇರಿದರೆ ಬರುವ ಹಾಲಿನಂಥ ಕೆನೆ ಆಯಿಲ್ ಮುಚ್ಚಳದ ಒಳಗೆ ಇರಲಿಲ್ಲ. ಇದ್ದಿದ್ದರೂ ಅದೊಂದನ್ನೇ ನಂಬುತ್ತಿರಲಿಲ್ಲ. ಚಳಿಗಾಲದಲ್ಲಿ ಊರೊಳಗೇ ಸಣ್ಣ ಓಡಾಟ ಮಾಡುವ ಗಾಡಿಗೂ ತೇವದಿಂದ ಆ ಕೆನೆ ಬರುತ್ತದೆ.

ಆಮೇಲೆ ಕಂಪ್ರೆಶನ್, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡವನ್ನು ಪ್ಲಗ್ ತೂತಿಗೆ ಗೇಜು ಹಾಕಿ ನೋಡುವುದು. ಮೂರೂ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಸಂಪರ್ಕ ಕಿತ್ತು, ಎಕ್ಸಿಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಬ್ಯಾಟರಿ ಇಳಿದಿದ್ದರೆ ಗೇಜು ಸುಳ್ಳು ಹೇಳುತ್ತದೆ. ಮೊದಲನೆಯದು 12 ಬಾರ್ ಆಸುಪಾಸು ನಿಂತಿತು, ಎರಡು ಮತ್ತು ಮೂರು 7ರ ಹತ್ತಿರ. ಆ ಎರಡಕ್ಕೂ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಗೇಜು ಏರಬೇಕಿತ್ತು, ಏರಲಿಲ್ಲ.

ಇಷ್ಟಾದರೂ ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್ ಸೋರುತ್ತಿರಬಹುದಲ್ಲ? ಅದಕ್ಕೆ ಉತ್ತರ ಕೊಟ್ಟಿದ್ದು ಗಾಳಿ. ಮೂರನೇ ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕಿನ ತುದಿಗೆ ತಂದರೆ ಅದರ ವಾಲ್ವುಗಳೆಲ್ಲ ಮುಚ್ಚಿರುತ್ತವೆ. ಗಾಡಿ ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟೆವು. ಸೈಲೆನ್ಸರ್ ಬಾಯಿಗೆ ಕಿವಿ ಇಟ್ಟರೆ ಸದ್ದಿಲ್ಲ, ಅಂದರೆ ಎಕ್ಸಾಸ್ಟ್ ವಾಲ್ವ್ ಸರಿ. ಏರ್ ಫಿಲ್ಟರ್ ಕಡೆಯೂ ಸದ್ದಿಲ್ಲ, ಇನ್‌ಟೇಕ್ ಸರಿ. ಆಯಿಲ್ ಹಾಕುವ ತೂತಿನಲ್ಲೂ ಹೇಳಿಕೊಳ್ಳುವಂಥದ್ದೇನಿಲ್ಲ, ರಿಂಗ್ ಸರಿ. ಎರಡನೇ ಪ್ಲಗ್ ತೂತಿನ ಮೇಲೆ ಹುಡುಗ ಬೆರಳಿಟ್ಟ. "ಕಾಕಾ, ಇಲ್ಲಿಂದ ಗಾಳಿ ಬರಾಕತ್ತೈತ್ರಿ!" ರೇಡಿಯೇಟರಿನಲ್ಲಿ ಗುಳ್ಳೆಯೂ ಎದ್ದವು. ಎರಡು ಮತ್ತು ಮೂರರ ನಡುವೆಯೇ ಗ್ಯಾಸ್ಕೆಟ್ ಹೋಗಿದೆ ಎಂಬುದು ಬಿಚ್ಚುವ ಮೊದಲೇ ಖಾತ್ರಿಯಾಯಿತು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪಿಸ್ಟನ್ ಮತ್ತು ವಾಲ್ವುಗಳ ತಾಳ ತಪ್ಪದಂತೆ ಟೈಮಿಂಗ್ ಗುರುತು ಕೂಡಿಸಿಟ್ಟುಕೊಂಡು, ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಾಗುತ್ತದೆ. ಗ್ಯಾಸ್ಕೆಟ್ ಆ ಎರಡು ಸಿಲಿಂಡರುಗಳ ನಡುವಿನ ಸಣ್ಣ ಪಟ್ಟಿಯಲ್ಲಿ ಕರಕಲಾಗಿ ಒಡೆದಿತ್ತು. ಹೆಡ್ಡಿನ ಮುಖವನ್ನು ಕೆರೆಯದೆ ಒರೆಸಿ, ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದೆ. 0.05 ಮಿ.ಮೀ. ಮೀರಬಾರದು, ಅದೇ ಜಾಗದಲ್ಲಿ 0.10ರ ಎಲೆ ಸಲೀಸಾಗಿ ಒಳಗೆ ಹೋಯಿತು. ಬ್ಲಾಕಿನ ಮುಖ ಮಾತ್ರ ನೆಟ್ಟಗಿತ್ತು.

ಬೋರಿಂಗ್ ಅಂಗಡಿಯವರಿಗೆ ಹೆಡ್ ಕೊಡುವಾಗ ಎರಡು ಮಾತು ಹೇಳಿದೆ. ಮೊದಲು ಪ್ರೆಶರ್ ಟೆಸ್ಟ್ ಮಾಡಿ, ವಾಲ್ವ್ ಸೀಟುಗಳ ನಡುವೆ ಬಿರುಕಿದ್ದರೆ ಮುಖ ಹೆರೆಯುವ ಫೇಸಿಂಗಿನ ದುಡ್ಡು ದಂಡ. ಬಿರುಕಿಲ್ಲದಿದ್ದರೆ ಮುಖ ನೇರವಾಗುವಷ್ಟೇ ಹೆರೆಯಿರಿ, ಹೆಚ್ಚು ಹೆರೆದಷ್ಟು ಕಂಪ್ರೆಶನ್ ಏರಿ ಎಂಜಿನ್ ಟಕ್ ಟಕ್ ಎಂದು ನಾಕ್ ಹೊಡೆಯುತ್ತದೆ. ಬಿರುಕು ಇರಲಿಲ್ಲ. ಹೆಡ್ ಹೇಗೂ ಕೈಯಲ್ಲಿತ್ತು, ವಾಲ್ವುಗಳನ್ನು ಸೀಟಿಗೆ ಉಜ್ಜಿ ಕೂರಿಸುವ ಲ್ಯಾಪಿಂಗ್ ಮಾಡಿಸಿ ಸೀಲುಗಳನ್ನೂ ಬದಲಿಸಿದೆ.

ಕೂರಿಸುವಾಗ ಬೋಲ್ಟ್ ತೂತುಗಳಲ್ಲಿ ನೀರು, ಎಣ್ಣೆ ಒಂದು ಹನಿಯೂ ಉಳಿಯಬಾರದು. ಬೋಲ್ಟ್ ಇಳಿದಂತೆ ಆ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ಗ್ಯಾಸ್ಕೆಟ್ಟಿಗೆ ಯಾವ ಪೇಸ್ಟನ್ನೂ ಮೆತ್ತಲಿಲ್ಲ. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಮ್ಯಾನುಯಲ್ಲಿನಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚಿನಿಂದ ಬಿಗಿದೆ. ಕೈಯಂದಾಜು ಇಲ್ಲಿ ನಡೆಯುವುದಿಲ್ಲ.

ಗ್ಯಾಸ್ಕೆಟ್ ತಾನಾಗಿ ಸುಟ್ಟಿದ್ದಲ್ಲ. ರೇಡಿಯೇಟರ್ ಇಳಿಸಿ ನೀರು ಬಿಟ್ಟರೆ ಅರ್ಧ ಕೊಳವೆಗಳಲ್ಲಿ ಹರಿಯಲೇ ಇಲ್ಲ. ನಮ್ಮ ಭಾಗದ ಸವಳು ಬೋರ್ ನೀರನ್ನು ವರ್ಷಗಟ್ಟಲೆ ಹಾಕಿದ್ದರಿಂದ ಒಳಗೆ ಸುಣ್ಣ ಗಟ್ಟಿಯಾಗಿತ್ತು. ಹಿಂದೆ ಒಂದು ಗ್ಯಾರೇಜಿನವರು "ನಮ್ಮ ಬಿಸಿಲಿಗೆ ಬ್ಯಾಡ್ರಿ" ಎಂದು ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಕಿತ್ತು ಹಾಕಿದ್ದೂ ಆಗ ಗೊತ್ತಾಯಿತು. ಥರ್ಮೋಸ್ಟಾಟ್ ತೆಗೆದರೆ ಕಟ್ಟಿದ ರೇಡಿಯೇಟರ್ ತೆರೆಯುವುದಿಲ್ಲ. ಎಂಜಿನ್ ಬಿಸಿಯಾಗಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಅಷ್ಟೇ. ಹೊಸದನ್ನು ತಂದು, ಪಾತ್ರೆಯ ನೀರಿನಲ್ಲಿ ಕಾಯಿಸಿ, ಅದರ ಮೇಲೆ ಬರೆದಿದ್ದ ಡಿಗ್ರಿಗೇ ಬಾಯಿ ಬಿಡುವುದನ್ನು ಕಣ್ಣಾರೆ ನೋಡಿ ಕೂರಿಸಿದೆ. ರೇಡಿಯೇಟರ್ ಬದಲಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿ ಗಾಳಿ ತೆಗೆದೆ.

ಮತ್ತೆ ಗೇಜು ಹಾಕಿದಾಗ ಮೂರೂ ಸಿಲಿಂಡರು ಹೆಚ್ಚುಕಡಿಮೆ ಒಂದೇ ತೋರಿಸಿದವು. ಹೆಡ್ ಎತ್ತುವಾಗ ಒಂದಿಷ್ಟು ನೀರು ಕೆಳಗಿಳಿದೇ ಇರುತ್ತದೆ, ಆದ್ದರಿಂದ ಸ್ವಲ್ಪ ಓಡಿಸಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ.