ಡಿಸ್ಕ್‌ವರ್ಲ್ಡ್ ಮರುಓದು: ಆರನೆಯದರಿಂದ ಶುರು ಮಾಡಿದ ಅನುಭವ

ಇಂಗ್ಲಿಷ್ ಲೇಖಕ ಟೆರಿ ಪ್ರಾಚೆಟ್ಟರ 41 ಡಿಸ್ಕ್‌ವರ್ಲ್ಡ್ ಎಂಬ ಕಲ್ಪನಾಲೋಕದ ಹಾಸ್ಯ ಕಾದಂಬರಿಗಳನ್ನು 1983ರ ಮೊದಲನೆಯದರಿಂದ ಸಾಲಾಗಿ ಮರುಓದಲು ಎರಡು ಸಲ ಹೊರಟೆ. ಎರಡೂ ಸಲ ನಾಲ್ಕನೆಯದಕ್ಕೇ ನಿಂತಿತು. ಆರಂಭದವುಗಳಲ್ಲಿ ಅವರ ಕೈ ಇನ್ನೂ ಪಳಗಿಲ್ಲ. ಮರುಓದಿನಲ್ಲಿ ಅದು ಎದ್ದು ಕಾಣುತ್ತದೆ. ಕೊನೆಗೆ ಗೆದ್ದದ್ದು ಆ ಲೋಕದ ಆಂಕ್-ಮೊರ್‌ಪೋರ್ಕ್ ನಗರದ ಕಾವಲುಪಡೆಯ ಎಂಟು ಕಾದಂಬರಿಗಳಲ್ಲಿ. ಮೊದಲು ಅವುಗಳಲ್ಲಿ ಆರನೆಯದು, 'ನೈಟ್ ವಾಚ್' (2002). ಆಮೇಲೆ 'ಗಾರ್ಡ್ಸ್! ಗಾರ್ಡ್ಸ್!' (1989)ನಿಂದ ಕ್ರಮವಾಗಿ, ಸರದಿ ಬಂದಾಗ ಆರನೆಯದು ಮತ್ತೊಮ್ಮೆ. ನಡುವಿನಿಂದ ಹಿಡಿದರೆ ಕಲಸುಮೇಲೋಗರವಾಗುತ್ತದೆ ಎಂದವರೇ ಹೆಚ್ಚು. ಮೊದಲ ಓದಿಗೆ ಆ ಮಾತು ಸರಿ, ಮರುಓದಿಗಲ್ಲ.

ಇ-ಬುಕ್‌ನಲ್ಲಿ ಅವರ ತಮಾಷೆಯ ಅಡಿಟಿಪ್ಪಣಿಗೆ ಹಾರಿ ವಾಪಸ್ ಬರುವಷ್ಟರಲ್ಲಿ ನಗೆಯ ಲಯ ಸಾಯುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಒಂದೊಂದಕ್ಕೆ 200-250 ರೂಪಾಯಿ. ಎಂಟಕ್ಕೂ ಸೇರಿ ಎರಡು ಸಾವಿರದ ಆಸುಪಾಸು. ಹಳೇ ಪೇಪರ್‌ಬ್ಯಾಕಿನ ಬೆನ್ನಿನ ಅಂಟು ಒಣಗಿರುತ್ತದೆ, ಪೂರ್ತಿ ಬಿಚ್ಚಿದರೆ ಹಾಳೆ ಕಿತ್ತು ಬರುತ್ತದೆ. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ ಸಣ್ಣ ಬ್ರಷ್‌ನಲ್ಲಿ ಸವರಿ, ಎರಡೂ ಬದಿ ಬೆಣ್ಣೆಕಾಗದ ಇಟ್ಟು ರಾತ್ರಿಯಿಡೀ ಭಾರ ಹೇರಬೇಕು. ನೀರು ಹೆಚ್ಚಾಗಿ ಒಂದು ಪ್ರತಿಯ ಇಪ್ಪತ್ತು ಪುಟ ಹಾಳಾದವು. 

ಈ ಎಂಟರಲ್ಲಿ ಅಧ್ಯಾಯಗಳಿಲ್ಲ. ದೃಶ್ಯ ಮುರಿಯುವ ಕಡೆ ನಿಲ್ಲಿಸಬೇಕು, ರಾತ್ರಿಗೆ ಸುಮಾರು 40 ಪುಟ. ಹತ್ತು ದಿನಕ್ಕೊಂದು ಮುಗಿಯುತ್ತದೆ, ನಂತರ ಇಪ್ಪತ್ತು ದಿನ ಬಿಡುವು. ಬಿಡುವಿಲ್ಲದೆ ಓದಿದಾಗ ಮೂರನೆಯದರ ಹಾಸ್ಯ ಮಂಕಾಯಿತು. ನಡುನಡುವೆ ಇದೇ ಸರಣಿಯ ಮಾಟಗಾತಿಯರ ಕತೆಗಳನ್ನು ಸೇರಿಸಿ ನೋಡಿದೆ: ಅವು ಚೆನ್ನಾಗಿಯೇ ಇವೆ, ಆದರೆ ಊರು ಬದಲಾಗಿ ಆಂಕ್-ಮೊರ್‌ಪೋರ್ಕ್‌ನ ಬೀದಿಗಳು ತಲೆಯಿಂದ ಜಾರಿಹೋದವು.

ಬೀದಿಗಳು ನೆನಪಿರಲೇಬೇಕು. 'ಗಾರ್ಡ್ಸ್! ಗಾರ್ಡ್ಸ್!'ನ ಶುರುವಿನಲ್ಲೇ ಕಾವಲುಪಡೆಯ ನಾಯಕ ವೈಮ್ಸ್ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಾನೆ. ಅವನ ಹುಡುಗತನವನ್ನು 'ನೈಟ್ ವಾಚ್'ನಲ್ಲಿ ಆಗಷ್ಟೇ ಕಂಡ ಕಣ್ಣಿಗೆ ಆ ಪುಟ ನಗೆಯಾಗಿ ಉಳಿಯುವುದಿಲ್ಲ. 'ಮೆನ್ ಅಟ್ ಆರ್ಮ್ಸ್'ನಲ್ಲಿ (1993) ಬೂಟಿನ ಲೆಕ್ಕ ಬರುತ್ತದೆ: ಒಳ್ಳೆಯದಕ್ಕೆ 50 ಡಾಲರ್, ಸವೆಯುವುದಕ್ಕೆ 10, ಹತ್ತು ವರ್ಷದಲ್ಲಿ ಬಡವ ನೂರು ಸುರಿದರೂ ಕಾಲು ಒದ್ದೆಯೇ. ಎಲ್ಲರೂ ಎತ್ತಿ ಹೇಳುವುದು ಇಷ್ಟನ್ನೇ. ಅಟ್ಟೆ ತೆಳ್ಳಗಿರುವುದರಿಂದ ಮಂಜಿನ ರಾತ್ರಿಯಲ್ಲೂ ಕಲ್ಲುಹಾಸಿನ ಸ್ಪರ್ಶದಲ್ಲೇ ವೈಮ್ಸ್‌ಗೆ ಬೀದಿ ತಿಳಿಯುತ್ತದೆ ಎಂಬುದನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. 'ನೈಟ್ ವಾಚ್'ನಲ್ಲಿ ಮೂವತ್ತು ವರ್ಷ ಹಿಂದಕ್ಕೆ ಬಿದ್ದವನಿಗೆ ದಾರಿ ತೋರುವುದು ಅದೇ ಪಾದಗಳು.