ತೋಟಾ ದುಬಾರಿಯಾದ ವರ್ಷ ನಾನು ಹಾಕಿದ ಲೆಕ್ಕ

ಕೋವಿ ಇಟ್ಟುಕೊಂಡಿರುವ ರೈತನಿಗೆ ಆಗಸ್ಟ್ ಬಂತೆಂದರೆ ಎರಡು ಚಿಂತೆ. ಮೆಕ್ಕೆಜೋಳದ ತೆನೆಯಲ್ಲಿ ಹಾಲುಗಾಳು ತುಂಬಿತೇ ಎಂಬುದು ಒಂದು, ಅದರ ಸುಳಿವು ಗುಡ್ಡದ ಹಂದಿಗಳಿಗೆ ಸಿಕ್ಕಿತೇ ಎಂಬುದು ಇನ್ನೊಂದು. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕೆ ತಾಗಿಕೊಂಡಿರುವ ನಮ್ಮ ಹೊಲಕ್ಕೆ ಈ ಎರಡನೆಯ ಸುದ್ದಿ ಯಾವಾಗಲೂ ಮೊದಲೇ ತಲುಪುತ್ತದೆ. ಈ ಸಲ ಇವೆರಡರ ಜೊತೆಗೆ ಮೂರನೆಯ ಚಿಂತೆಯೊಂದು ಸೇರಿಕೊಂಡಿತು. ತೋಟಾ, ಅಂದರೆ ಕೋವಿಗೆ ಹಾಕುವ ಕಾರ್ಟ್ರಿಡ್ಜ್, ತರಲು ಹೋದಾಗ ಅಂಗಡಿಯವರು ಹೇಳಿದ ದರ ಕೇಳಿ, ಸದ್ಯಕ್ಕೆ ಬೇಡ ಎಂದು ಬರಿಗೈಯಲ್ಲಿ ಬಸ್ ಹತ್ತಿದೆ. ಕೊಳ್ಳಬೇಕೆ, ಕಾಯಬೇಕೆ, ಕೊಂಡರೆ ಎಷ್ಟು ಎಂಬುದನ್ನು ಮನೆಗೆ ಬಂದು ಹೇಗೆ ಲೆಕ್ಕ ಹಾಕಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಪರವಾನಗಿ ಇರುವ ಬೇರೆ ರೈತರಿಗೂ ಇದೇ ಪ್ರಶ್ನೆ ಇದೆ ಎಂದು ಅಂಗಡಿಯ ಮುಂದಿನ ಮಾತುಕತೆಯಲ್ಲಿಯೇ ತಿಳಿಯಿತು.

ನಮ್ಮದು 12 ಬೋರಿನ ಜೋಡುನಳಿಗೆ ಕೋವಿ. ಅಪ್ಪನ ನಂತರ ನನ್ನ ಹೆಸರಿಗೆ ಪರವಾನಗಿ ಆಯಿತು. ಅಪ್ಪ ತೋಟಾ ತರುತ್ತಿದ್ದ ಕಾಲಕ್ಕೆ ಒಂದರ ಬೆಲೆ ಎರಡಂಕಿಯೊಳಗೇ ಇತ್ತು. ಈಗ ಮೂರಂಕಿಗೆ ಏರಿದೆ, ಇಳಿಯುವ ಲಕ್ಷಣ ಕಾಣುವುದಿಲ್ಲ. ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ನಮ್ಮಂಥವರ ಕೈಗೆ ಬರುವ ತೋಟಾ ಬಹುಮಟ್ಟಿಗೆ ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯದು. ಶಕ್ತಿಮಾನ್ ಎಂಬ ಹೆಸರಿನ ಪೆಟ್ಟಿಗೆಯನ್ನು ನೋಡದ ಕೋವಿದಾರರು ಈ ಕಡೆ ವಿರಳ. 2021ರ ಅಕ್ಟೋಬರ್ 1ರಂದು ಸರ್ಕಾರದ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಅನ್ನು ವಿಸರ್ಜಿಸಿ ಏಳು ಸರ್ಕಾರಿ ಕಂಪನಿಗಳನ್ನು ಮಾಡಿದಾಗ ಆ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಕಂಪನಿಗೆ ಸೇರಿತು. ಅದರ ದೊಡ್ಡ ಗಿರಾಕಿ ಸೇನೆ. ಹಂದಿ ಓಡಿಸುವವನ ಸರದಿ ಆಮೇಲಿನದು. ಸೀಸ, ಹಿತ್ತಾಳೆ ಅಗ್ಗದ ಸರಕುಗಳಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಜಗತ್ತಿನ ಎಲ್ಲೆಡೆ ಮದ್ದಿಗೆ ಬೇಡಿಕೆ ಏರಿದೆ. ಚಿತ್ರದುರ್ಗದ ಕೋಟೆಗೆ ಹೋದವರು ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತಾರೆ. ಪಾಳೆಯಗಾರರು ತಮಗೆ ಬೇಕಾದ ಮದ್ದನ್ನು ಊರಿನಲ್ಲಿಯೇ ಅರೆದುಕೊಳ್ಳುತ್ತಿದ್ದರು. ಅವರ ಕೋಟೆಯ ನೆರಳಿನಲ್ಲಿ ಬದುಕುವ ನಾವು ಪುಣೆಯ ಲಾರಿಗೆ ಕಾಯುತ್ತೇವೆ.

ಮೊದಲು ಮಾಡಿದ ಕೆಲಸ, ಮನೆಯಲ್ಲಿರುವುದನ್ನು ಎಣಿಸಿದ್ದು. ದರ ಏರಿದೆ ಎಂದು ಕೇಳಿದವರೆಲ್ಲ ಅಂಗಡಿಗೆ ಓಡುತ್ತಾರೆ, ತಮ್ಮ ಪೆಟ್ಟಿಗೆಯ ಬೀಗ ತೆಗೆದು ನೋಡುವವರು ಕಡಿಮೆ. ಪತ್ತಾಯದ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ತೋಟಾಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಪ್ಲಾಸ್ಟಿಕ್ ಕವಚದವು ಒಂದು ಸಾಲು, ಹಳೆಯ ಕಾಗದದ ಕವಚದವು ಇನ್ನೊಂದು. ಪ್ಲಾಸ್ಟಿಕ್‌ನವುಗಳ ಹಿತ್ತಾಳೆ ತಳ ಸ್ವಲ್ಪ ಮಸುಕಾಗಿತ್ತು, ಬಟ್ಟೆಯಿಂದ ಒರೆಸಿದರೆ ಹೊಳಪು ಬಂತು. ಕಾಗದದವುಗಳಲ್ಲಿ ಕೆಲವು ಮಳೆಗಾಲದ ತೇವ ಕುಡಿದು ನಡುವೆ ಉಬ್ಬಿದ್ದವು. ಚಪ್ಪಟೆ ಹಲಗೆಯ ಮೇಲೆ ಉರುಳಿಸಿದರೆ ಸರಾಗವಾಗಿ ಹೋಗದೆ ಒಂದು ಕಡೆ ವಾಲುತ್ತಿದ್ದವು. ಬಾಯಿಯ ಬಿಲ್ಲೆಯ ಮೇಲೆ ಅಚ್ಚಾಗಿದ್ದ ಚರೆಯ (ಒಳಗೆ ತುಂಬಿರುವ ಸೀಸದ ಗುಂಡುಗಳ) ನಂಬರೂ ಮಾಸಿತ್ತು. ಎರಡರ ತಳದಲ್ಲಿ, ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನ ಸುತ್ತ ಹಸಿರು ಕಿಲುಬು ಕಂಡಿತು. ಇಂಥವನ್ನು ಬಲವಂತವಾಗಿ ನಳಿಗೆಗೆ ತುರುಕುವುದು ಜೀವದ ಜೊತೆ ಆಟ. ಅವನ್ನು ಬೇರೆ ಇಟ್ಟು, ಉಳಿದವನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಚೆನ್ನಾಗಿರುವವು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದ್ದವು.

ತೋಟಾ ಹಾಲಿನಂತೆ ಮೂರು ದಿನಕ್ಕೆ ಕೆಡುವ ವಸ್ತುವಲ್ಲ. ತಂಪಾದ, ಒಣಗಿದ ಜಾಗದಲ್ಲಿಟ್ಟರೆ ಹೊಗೆರಹಿತ ಮದ್ದಿನ ತೋಟಾ ದಶಕಗಳ ಕಾಲ ಉಳಿಯುತ್ತದೆ. ಕೆಡಿಸುವುದು ತೇವ ಮತ್ತು ಸೆಕೆ. ನಮ್ಮ ಕಡೆಯ ಶೀಟ್ ಮನೆಗಳ ಅಟ್ಟದ ಮೇಲೆ ಏಪ್ರಿಲ್‌ನಲ್ಲಿ ಕೈ ಇಡಲಾಗುವುದಿಲ್ಲ. ಅಲ್ಲಿ ಮಾತ್ರ ಇಡಬೇಡಿ. ಅಡುಗೆಮನೆಯ ಗೋಡೆಗೂ ಬೇಡ. ನಾನು ಕೆಳಗಿನ ಕೋಣೆಯಲ್ಲಿ, ಕೋವಿಯಿಂದ ಬೇರೆಯಾಗಿ, ಬೇರೆ ಬೀಗದಲ್ಲಿ ಇಡುತ್ತೇನೆ. ಹೊಸ ಚಪ್ಪಲಿಯ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಡಿಯ ಪೊಟ್ಟಣಗಳನ್ನು ಮನೆಯವರು ಎಸೆಯದಂತೆ ನೋಡಿಕೊಂಡು ಪೆಟ್ಟಿಗೆಗೆ ಹಾಕುತ್ತೇನೆ. ಇದಕ್ಕೆ ಕಾಸು ಖರ್ಚಿಲ್ಲ.

ಎರಡನೆಯದು ಪರವಾನಗಿ ಪುಸ್ತಕ. ದರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮುನ್ನ ಇದನ್ನು ಬಿಡಿಸಿ ನೋಡಬೇಕು. ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಅದರಲ್ಲಿಯೇ ಬರೆದಿರುತ್ತದೆ. ಅಂಗಡಿಯವರು ಪ್ರತಿ ಖರೀದಿಯನ್ನೂ ನಮೂದಿಸುತ್ತಾರೆ. ಮನೆಯಲ್ಲಿರುವ ಹಳೆಯದೂ ಆ ಮಿತಿಯೊಳಗೇ ಬರುತ್ತದೆ. ಹಾಗಾಗಿ ದರ ಇನ್ನೂ ಏರುತ್ತದೆ, ಈಗಲೇ ತುಂಬಿಸಿಟ್ಟುಕೊಳ್ಳೋಣ ಎಂಬ ಯೋಚನೆಗೆ ಕಾನೂನೇ ಅಣೆಕಟ್ಟು ಕಟ್ಟಿದೆ. ಅವಧಿಯನ್ನೂ ನೋಡಿಕೊಳ್ಳಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಅದರಿಂದ ಓಡಾಟ ಕಡಿಮೆಯಾಯಿತು, ಮರೆವು ಹೆಚ್ಚಾಯಿತು. ಅವಧಿ ಮುಗಿದ ಪುಸ್ತಕಕ್ಕೆ ಅಂಗಡಿಯಲ್ಲಿ ತೋಟಾ ಸಿಗುವುದಿಲ್ಲ, ಮನೆಯಲ್ಲಿರುವ ತೋಟಾವೂ ಆಗ ಅಪರಾಧದ ವಸ್ತು. ನವೀಕರಣ ಹತ್ತಿರವಿದ್ದರೆ ಮೊದಲು ಆ ಕೆಲಸ, ಆಮೇಲೆ ಖರೀದಿ.

ಇನ್ನು ಹಣದ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಒಂದು ತೋಟಾಕ್ಕೆ 120 ರೂಪಾಯಿ ಎಂದಿಟ್ಟುಕೊಳ್ಳೋಣ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ದರದಲ್ಲಿ ಒಂದು ತೋಟಾ ಎಂದರೆ ಐದು ಕಿಲೋ ಮೆಕ್ಕೆಜೋಳ. ಬೆಂಬಲ ಬೆಲೆ ಕಾಗದದ ಮೇಲಿರುತ್ತದೆ, ಮಂಡಿಯಲ್ಲಿ ಅದಕ್ಕಿಂತ ಕೆಳಗೆ ಹೋಗುತ್ತದೆ ಎಂಬುದು ದಾವಣಗೆರೆಯ ಮಾರುಕಟ್ಟೆಗೆ ಚೀಲ ಇಳಿಸಿದವರಿಗೆಲ್ಲ ಗೊತ್ತು. 1,800 ಸಿಕ್ಕರೆ ತೋಟಾದ ಬೆಲೆ ಆರೂವರೆ ಕಿಲೋ ದಾಟಿತು. ಈಗ ನಷ್ಟದ ಕಡೆ ನೋಡಿ. ಎಕರೆಗೆ ಇಪ್ಪತ್ತು ಕ್ವಿಂಟಲ್ ಬರುವ ಹೊಲದಲ್ಲಿ ಹಂದಿಯ ಹಿಂಡು ಹತ್ತು ಗುಂಟೆ ಮಲಗಿಸಿದರೆ ಐದು ಕ್ವಿಂಟಲ್ ಹೋಯಿತು. ಮಂಡಿಯ ದರದಲ್ಲಿಯೂ ಅದು 9,000 ರೂಪಾಯಿ. ಇಪ್ಪತ್ತೈದು ತೋಟಾಗಳ ಇಡೀ ಪೆಟ್ಟಿಗೆ 3,000.

ಈ ಲೆಕ್ಕ ಕೇಳಿದವರು ತಕ್ಷಣ ಹೇಳುವುದು, ಹಾಗಾದರೆ ದರ ಎಷ್ಟಾದರೂ ಕೊಳ್ಳಲೇಬೇಕು ಎಂದು. ನಾನು ಒಪ್ಪುವುದಿಲ್ಲ. ಒಂದು ರಾತ್ರಿಯ ನಷ್ಟವನ್ನು ಮುಂದಿಟ್ಟುಕೊಂಡರೆ ಯಾವ ದರವೂ ಅಗ್ಗವೇ, ಇನ್ನೂರಾದರೂ ಅಗ್ಗ, ಐನೂರಾದರೂ ಅಗ್ಗ. ಎಲ್ಲಕ್ಕೂ ಹೌದು ಎನ್ನುವ ಲೆಕ್ಕದಿಂದ ತೀರ್ಮಾನ ಹುಟ್ಟುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಹಂಗಾಮಿನ ಮೊದಲ ಈಡು, ಅಂದರೆ ಮೊದಲು ಹಾರಿಸಿದ ತೋಟಾ, ಉಳಿಸುವಷ್ಟು ಬೆಳೆಯನ್ನು ಇಪ್ಪತ್ತನೆಯ ಈಡು ಉಳಿಸುತ್ತದೆಯೇ?

ಇದಕ್ಕೆ ಉತ್ತರ ನನ್ನ ನೋಟ್‌ಬುಕ್‌ನಲ್ಲಿತ್ತು. ಕೋವಿ ಹೊರತೆಗೆದ ದಿನ, ಎಷ್ಟು ಹಾರಿಸಿದೆ, ಹಂದಿ ಯಾವ ದಿಕ್ಕಿಗೆ ಹೋಯಿತು, ಮತ್ತೆ ಯಾವಾಗ ಬಂತು ಎಂದು ಬರೆದಿಡುವುದು ಅಪ್ಪನ ಕಾಲದಿಂದ ಬಂದ ರೂಢಿ. ಪುಟ ತಿರುವಿದರೆ ಪ್ರತಿ ವರ್ಷವೂ ಒಂದೇ ಕಥೆ. ತೆನೆ ಹಾಲಿಗೆ ಬಂದ ಹೊಸದರಲ್ಲಿ ಒಂದು ಈಡು ಕೇಳಿದರೆ ಹಿಂಡು ವಾರಗಟ್ಟಲೆ ಈ ಕಡೆ ತಲೆ ಹಾಕುವುದಿಲ್ಲ. ಮತ್ತೆ ಬಂದಾಗ ಇನ್ನೊಂದು ಹಾರಿಸಿದರೆ ಬಿಡುವು ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಅದೇ ಹೊತ್ತಿಗೆ, ಅದೇ ಮೂಲೆಯಿಂದ ಹಾರಿಸುತ್ತ ಹೋದರೆ ಸದ್ದಿನಿಂದ ಏನೂ ಆಗುವುದಿಲ್ಲ ಎಂದು ಹಂದಿಗೆ ಮನವರಿಕೆಯಾಗುತ್ತದೆ. ಬದುವಿನಾಚೆ ಸರಿದು ನಿಂತು, ನಾವು ಮನೆ ಸೇರುವುದನ್ನೇ ಕಾಯುತ್ತದೆ. ಒಂದೇ ರಾತ್ರಿಯಲ್ಲಿ ಬೆನ್ನುಬೆನ್ನಿಗೆ ಹಾರಿಸಿದ ಐದಾರು ಈಡುಗಳಿಂದ ಮೊದಲನೆಯದಕ್ಕಿಂತ ಹೆಚ್ಚಿನ ಲಾಭ ಆದದ್ದು ನೋಟ್‌ಬುಕ್‌ನಲ್ಲಿ ಎಲ್ಲಿಯೂ ಇಲ್ಲ. ಹಾಗಾಗಿ ಮೊದಲ ಕೆಲವು ತೋಟಾಗಳನ್ನು ಯಾವ ದರಕ್ಕಾದರೂ ಕೊಳ್ಳುತ್ತೇನೆ. ಆಮೇಲಿನವು ಹಳೆಯ ದರಕ್ಕೆ ಸಿಕ್ಕರೂ ದುಬಾರಿಯೇ.

ಈ ಹಾರಿಸುವುದು ಹೆದರಿಸಲು ಮಾತ್ರ ಎಂಬುದನ್ನು ಬಿಡಿಸಿ ಹೇಳಬೇಕು. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುವ ಪ್ರಾಣಿ, 2022ರ ತಿದ್ದುಪಡಿಯ ನಂತರ ಎರಡನೆಯ ಅನುಸೂಚಿಯಲ್ಲಿದೆ (ಅನುಸೂಚಿ ಎಂದರೆ ರಕ್ಷಿತ ಪ್ರಾಣಿಗಳ ಪಟ್ಟಿ). ಬೆಳೆ ನಾಶ ಮಾಡುವ ಪ್ರಾಣಿಯನ್ನು ಕೊಲ್ಲಲು ಆ ಕಾಯ್ದೆಯ 11ನೇ ಕಲಮಿನಡಿ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೋವಿಯ ಪರವಾನಗಿ ಇದೆ ಎಂದ ಮಾತ್ರಕ್ಕೆ ಆ ಅನುಮತಿ ಇದೆ ಎಂದಲ್ಲ. ಶೇಂಗಾ ಹೊಲಕ್ಕೆ ಇಳಿಯುವ ನವಿಲಂತೂ ಅತಿ ಹೆಚ್ಚಿನ ರಕ್ಷಣೆಯ ಮೊದಲ ಅನುಸೂಚಿಯದು, ಅದರ ಕಡೆ ನಳಿಗೆಯನ್ನು ತಿರುಗಿಸಲೂ ಬಾರದು. ನಾನು ಹಾರಿಸುವುದು ನಮ್ಮ ಹೊಲದ ಎತ್ತರದ ಮಣ್ಣಿನ ಬದುವಿಗೆ, ಅದರ ಮುಂದೆ ಹಿಂದೆ ಯಾರೂ ಇಲ್ಲ ಎಂದು ಟಾರ್ಚ್ ಬಿಟ್ಟು ನೋಡಿದ ಮೇಲೆ. ಜೋಳ ಅಲುಗಿತು ಎಂದು ಸದ್ದಿನ ಕಡೆ ಹಾರಿಸುವವರು ಪಕ್ಕದ ಹೊಲದಲ್ಲಿ ಕಾವಲು ಮಲಗಿದವರನ್ನು ನೆನಪಿಸಿಕೊಳ್ಳಬೇಕು.

ಹೆದರಿಸಲು ಎಂದು ಸ್ಪಷ್ಟವಾದ ಮೇಲೆ ಯಾವ ತೋಟಾ ಎಂಬ ಪ್ರಶ್ನೆಯೂ ಸುಲಭವಾಯಿತು. ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಯವನ್ನೇ ಕೇಳುವುದು ನಮ್ಮ ಕಡೆಯ ಅಭ್ಯಾಸ, ಹಂದಿ ಎಂದರೆ ಎಲ್‌ಜಿ ಎಂದು ಬಾಯಿಗೆ ಬಂದುಬಿಟ್ಟಿದೆ. ಸದ್ದಿಗೆ ಸಣ್ಣ ಚರೆಯದ್ದು ಸಾಕು. ಚರೆ ಸಣ್ಣದಾದಷ್ಟೂ ಬೇಗ ವೇಗ ಕಳೆದುಕೊಂಡು ಬೀಳುತ್ತದೆ, ಅಪಾಯವೂ ಕಡಿಮೆ. ಹೊರದೇಶದ ಮಾಲು ಎಂದು ತೋರಿಸಿದ ಹೊಳೆಯುವ ಪೆಟ್ಟಿಗೆಯನ್ನು ಹಾಗೆಯೇ ಹಿಂದಕ್ಕೆ ಸರಿಸಿದೆ. ಹಾರುವ ತಟ್ಟೆ ಹೊಡೆಯುವ ಕ್ರೀಡಾಪಟುಗಳಿಗೆ ಅದರ ಅಗತ್ಯವಿರಬಹುದು, ನನ್ನ ಬದುವಿಗೆ ಇಲ್ಲ.

ಉಳಿದ ರಾತ್ರಿಗಳಿಗೆ ಬೇರೆ ಉಪಾಯಗಳಿವೆ. ಹಳೆಯ ಸೀರೆಗಳನ್ನು ಹೊಲದ ಸುತ್ತ ಕಟ್ಟುವುದು, ಕ್ಷೌರದಂಗಡಿಯಿಂದ ಕೂದಲು ತಂದು ಅಂಚಿಗೆ ಚೆಲ್ಲುವುದು, ಅಟ್ಟಣೆಯ ಮೇಲೆ ಡಬ್ಬ ಬಡಿಯುವುದು, ನಾಯಿ ಬೊಗಳುವ ದನಿಯನ್ನು ಮುದ್ರಿಸಿ ಬ್ಯಾಟರಿ ಸ್ಪೀಕರಿನಲ್ಲಿ ಹಾಕುವುದು. ಯಾವುದೂ ತಾನಾಗಿ ಸಾಲದು. ದಿನಕ್ಕೊಂದು ಬದಲಾಯಿಸುತ್ತ ನಡುವೆ ಎಂದಾದರೊಮ್ಮೆ ನಿಜವಾದ ಈಡು ಕೇಳಿಸಿದರೆ ಡಬ್ಬದ ಸದ್ದಿಗೂ ಬೆಲೆ ಬರುತ್ತದೆ.

ದರ ಏರಿದಾಗ ಬರುವ ಇನ್ನೊಂದು ಸಲಹೆ, ಖಾಲಿ ಕವಚಗಳನ್ನು ಮತ್ತೆ ತುಂಬಿಸಿಕೊಳ್ಳಿ ಎಂಬುದು. ಅಪ್ಪನ ಪರಿಚಯದವರೊಬ್ಬರ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ, ಕಾರಣ ಇದೇ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ ಎಂಬುದು ಬೇರೆ. ಹಾಗೆಯೇ, ಕೋವಿ ಇರುವ ಪರಿಚಯದವರು ನಾಲ್ಕು ಕೊಡಿ, ಆಮೇಲೆ ಹಿಂದಿರುಗಿಸುತ್ತೇನೆ ಎಂದು ಬರುತ್ತಾರೆ. ಸಕ್ಕರೆ ಕಡ ಕೊಟ್ಟ ಹಾಗೆ ತೋಟಾ ಕಡ ಕೊಡಲು ಬರುವುದಿಲ್ಲ, ನನ್ನ ಪುಸ್ತಕದಲ್ಲಿ ನಮೂದಾದದ್ದಕ್ಕೆ ನಾನೇ ಜವಾಬ್ದಾರ. ಮದುವೆ ದಿಬ್ಬಣದಲ್ಲಿ ಒಂದು ಹಾರಿಸಿ ಎಂದು ಕೇಳುವವರೂ ಇದ್ದಾರೆ. ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ಹೇಳಿದರೆ ನೆಂಟರಿಗೆ ಸಿಟ್ಟು ಬರುತ್ತದೆ. ತೋಟಾದ ಬೆಲೆ ಹೇಳಿದರೆ ಸುಮ್ಮನಾಗುತ್ತಾರೆ. ದರ ಏರಿಕೆಯಿಂದ ನನಗಾದ ಒಂದೇ ಉಪಕಾರ ಇದು.

ಕಾದರೆ ದರ ಇಳಿಯುತ್ತದೆಯೇ? ನಾನು ನೋಡಿದಂತೆ ತೋಟಾದ ದರ ಏರಿ ನಿಲ್ಲುತ್ತದೆ, ಸ್ವಲ್ಪ ಕಾಲ ಅಲ್ಲಿಯೇ ಇರುತ್ತದೆ, ಮತ್ತೆ ಏರುತ್ತದೆ. ಈರುಳ್ಳಿಯ ದರದ ಹಾಗೆ ಇಳಿದದ್ದು ಕಂಡಿಲ್ಲ. ಆದ್ದರಿಂದ ಇಳಿಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ, ಹಾಗೆಂದು ಮಿತಿಯವರೆಗೂ ತುಂಬಿಸಿಕೊಳ್ಳುವುದರಲ್ಲಿಯೂ ಇಲ್ಲ. ಚುನಾವಣೆಯನ್ನೂ ಗಮನದಲ್ಲಿಡಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಚಿತ್ರದುರ್ಗದ ಮತದಾನ ಏಪ್ರಿಲ್ 26ಕ್ಕೆ, ದಾವಣಗೆರೆಯದು ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಚುನಾವಣೆಗೆ ಮುನ್ನ ಪೊಲೀಸರು ಹೇಳಿದಂತೆ ಠಾಣೆಗೆ ಒಪ್ಪಿಸಿದ ಕೋವಿ ಅದೆಲ್ಲ ಮುಗಿಯುವವರೆಗೆ ಅಲ್ಲಿಯೇ ಇರುತ್ತದೆ. ಅಂಥ ವರ್ಷ ಬೇಸಿಗೆಯಲ್ಲಿ ಖರೀದಿಗೆ ಅವಸರ ಏನೂ ಇಲ್ಲ.

ಕೊನೆಗೆ, ತೆನೆ ಹಾಲಿಗೆ ಬರುವ ಮುನ್ನ ಸಣ್ಣ ಚರೆಯ ಒಂದೇ ಪೆಟ್ಟಿಗೆ ತಂದೆ. ಮುಂದಿನ ತಿಂಗಳು ಇನ್ನೂ ಏರುತ್ತದೆ, ಎರಡು ಒಯ್ಯಿರಿ ಎಂದು ಅಂಗಡಿಯವರು ಹೇಳಿದರು. ಅವರ ವ್ಯಾಪಾರ ಅವರದು. ಪೆಟ್ಟಿಗೆಯ ಮೇಲಿನ ತಯಾರಿಕೆಯ ವರ್ಷ ನೋಡಿ, ಅಲ್ಲಿಯೇ ಬಿಡಿಸಿ ಒಂದೊಂದರ ತಳ ಪರೀಕ್ಷಿಸಿ, ಪುಸ್ತಕದಲ್ಲಿ ನಮೂದು ಸರಿಯಾಗಿದೆಯೇ ಎಂದು ಓದಿ, ರಸೀದಿ ಪಡೆದು ಹೊರಟೆ. ಬೇರೆ ಇಟ್ಟಿದ್ದ ಉಬ್ಬಿದ ತೋಟಾಗಳ ವಿಷಯ ಬಾಕಿ ಇತ್ತು. ಅವನ್ನು ಬೆಂಕಿಗೆ ಹಾಕುವುದಾಗಲಿ, ಬಾವಿಗೆ ಎಸೆಯುವುದಾಗಲಿ, ಹೂಳುವುದಾಗಲಿ ಕೂಡದು. ಎಣಿಕೆ ಬರೆದ ಅರ್ಜಿಯೊಂದಿಗೆ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆದುಕೊಂಡೆ, ಅದರ ಪ್ರತಿಯನ್ನು ಪರವಾನಗಿ ಪುಸ್ತಕದೊಳಗೇ ಇಟ್ಟಿದ್ದೇನೆ. ನವೀಕರಣದ ವೇಳೆಗೆ ತೋಟಾದ ಲೆಕ್ಕ ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ.