ನೀರು ಕಡಿಮೆ, ಬೇಳೆ ಜಾಸ್ತಿ: ಶಿರಸಿ ಸೀಮೆಯ ಸಸ್ಯಾಹಾರಿ ಊಟದಲ್ಲೇ ಮೈ ತುಂಬಿಸಿಕೊಳ್ಳುವುದು ಹೇಗೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಪೂರ ಹುಡುಗರಿಗೆ ಬರವಿಲ್ಲ. "ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ" ಅನ್ನುವ ಮಾತು ಯಾವ ಜಗಲಿಯಲ್ಲಿ ಕೂತರೂ ಕಿವಿಗೆ ಬೀಳುತ್ತದೆ. ಸಿಗುವ ಸಲಹೆ ಎರಡೇ: ಮೊಟ್ಟೆ ತಿನ್ನು, ಇಲ್ಲವೇ ಡಬ್ಬಿ ಪೌಡರ್ ತರಿಸು. ಎರಡೂ ಇಲ್ಲದೆ ಆಗುತ್ತದೆ. ಆದರೆ ಮೊದಲು ನಿಮ್ಮ ಬಾಳೆಲೆಯನ್ನು ಸ್ವಲ್ಪ ಅನುಮಾನದಿಂದ ನೋಡಬೇಕು.

ಒಂದು ಮಾಮೂಲಿ ಮಧ್ಯಾಹ್ನದ ಊಟ ತೆಗೆದುಕೊಳ್ಳಿ. ರಾಶಿ ಅನ್ನ, ಅದಕ್ಕೆ ತಂಬುಳಿ, ಆಮೇಲೆ ಸಾರು, ಒಂದಿಷ್ಟು ಪಲ್ಯ, ಲೋಟದಲ್ಲಿ ಎರಡು ಸಲ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ಕೊನೆಗೆ ಮಜ್ಜಿಗೆ ಅನ್ನ, ಜೊತೆಗೆ ಮಿಡಿ ಉಪ್ಪಿನಕಾಯಿ. ರುಚಿಯಲ್ಲಿ ಇದನ್ನು ಮೀರಿಸುವ ಊಟ ನನಗಂತೂ ಗೊತ್ತಿಲ್ಲ. ಹೊಟ್ಟೆಯೂ ಬಿರಿಯುವಷ್ಟು ತುಂಬುತ್ತದೆ. ಆದರೆ ತುಂಬಿದ್ದು ಏನು? ಹೆಚ್ಚಿನ ಪಾಲು ನೀರು, ಉಳಿದದ್ದು ಅಕ್ಕಿ. ತಂಬುಳಿ ಅಂದರೆ ಒಂದು ಹಿಡಿ ಸೊಪ್ಪು, ಸ್ವಲ್ಪ ಕಾಯಿ, ತೆಳು ಮಜ್ಜಿಗೆ. ಅಪ್ಪೆಹುಳಿಯಲ್ಲಿ ಪ್ರೋಟೀನ್ ಹುಡುಕುವುದೇ ಬೇಡ. ಸಾರಿನ ಬೇಳೆ ತಳದಲ್ಲಿ ಕೂತಿರುತ್ತದೆ, ಸೌಟಿಗೆ ಬರುವುದು ಮೇಲಿನ ತಿಳಿ. ಬೈಯುವುದಿದ್ದರೆ ಈ ನೀರನ್ನು ಬೈಯಿರಿ, ಸಸ್ಯಾಹಾರವನ್ನು ಸುಮ್ನೆ ಬಿಡಿ.

ಈಗ ಲೆಕ್ಕ. ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಬೇಕಾದ ಪ್ರೋಟೀನ್, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, ದೇಹದ ತೂಕದ ಕಿಲೋ ಒಂದಕ್ಕೆ 0.83 ಗ್ರಾಂ. ವ್ಯಾಯಾಮ ಮಾಡಿ ಮಾಂಸಖಂಡ ಬೆಳೆಸುವವರಿಗೆ ಇದು ಸಾಲದು, ಸುಮಾರು 1.6 ಗ್ರಾಂ ಹಿಡಿಯಿರಿ. ಅಂದರೆ 55 ಕಿಲೋ ಹುಡುಗನಿಗೆ ದಿನಕ್ಕೆ 88 ಗ್ರಾಂ. ದೊಡ್ಡ ಸಂಖ್ಯೆ ಅನಿಸುತ್ತದೆ ಅಲ್ವಾ? ಊಟದಲ್ಲಿ ಹಂಚಿದರೆ ಅಷ್ಟು ಕಷ್ಟ ಇಲ್ಲ.

ಬೇಳೆಯಿಂದ ಶುರು ಮಾಡೋಣ, ಯಾಕೆಂದರೆ ಅದು ಮನೆಯಲ್ಲಿ ದಿನಾ ಬೇಯುತ್ತದೆ. ತೊಗರಿ, ಹೆಸರು, ಉದ್ದು, ಹುರುಳಿ ಯಾವುದೇ ಆಗಲಿ, ಒಣಗಿದ್ದನ್ನು ತೂಗಿದರೆ 100 ಗ್ರಾಂಗೆ 22ರಿಂದ 24 ಗ್ರಾಂ ಪ್ರೋಟೀನ್. ನಿಮ್ಮ ಪಾಲಿಗೆ ಒಂದು ಊಟಕ್ಕೆ 50 ಗ್ರಾಂ ಒಣ ಬೇಳೆ ಬಿದ್ದರೆ 11 ಗ್ರಾಂ ಬಂತು. ಮನೆಮಂದಿಗೆಲ್ಲ ಅಡುಗೆ ಬದಲಿಸಿ ಅಂತ ಆಯಿಯ ಹತ್ತಿರ ಜಗಳ ಬೇಡ. ಕುಕ್ಕರ್ ಮುಚ್ಚಳ ತೆಗೆದ ಕೂಡಲೇ, ಸಾರಿಗೆ ನೀರು ಸೇರಿಸುವ ಮೊದಲೇ, ಬೆಂದ ಬೇಳೆಯನ್ನು ಒಂದು ಬಟ್ಟಲು ಬದಿಗೆ ಎತ್ತಿಡಲು ಹೇಳಿ. ಅದಕ್ಕೆ ಉಪ್ಪು, ಇಂಗಿನ ಒಗ್ಗರಣೆ, ಒಂದು ಚಮಚ ತುಪ್ಪ. ತೊವ್ವೆ ಆಯಿತು. ಮೊದಲ ಅನ್ನ ಇದರಲ್ಲಿ, ತಂಬುಳಿ ಆಮೇಲೆ. ಈ ಕ್ರಮ ಮುಖ್ಯ, ತೆಳುವಾದದ್ದು ಮೊದಲು ಹೋದರೆ ಗಟ್ಟಿಯಾದದ್ದಕ್ಕೆ ಜಾಗ ಇರುವುದಿಲ್ಲ. ಕರಾವಳಿಯವರಿಗೆ ಇದು ಇನ್ನೂ ಸುಲಭ, ಕಾರವಾರ-ಕುಮಟಾದ ಕೊಂಕಣಿ ಮನೆಗಳ ದಾಳಿ ತೋಯ, ಮೊಳಕೆ ಹೆಸರಿನ ಮೂಗಾ ಗಾತಿ ಇದ್ದೇ ಇವೆ. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಲೈಸಿನ್ ಅನ್ನದಲ್ಲಿ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಇನ್ನೊಂದು ಆಮ್ಲ, ಮಿಥಿಯೋನಿನ್, ಅಕ್ಕಿಯಲ್ಲಿದೆ. ಎರಡೂ ಸೇರಿದರೆ ಸಾಕು.

ಮಜ್ಜಿಗೆಯ ವಿಷಯ ಸ್ವಲ್ಪ ತಮಾಷೆಯದ್ದು. ಕಡೆದು ಬೆಣ್ಣೆ ತೆಗೆದಾಗ ಹೋಗುವುದು ಕೊಬ್ಬು, ಪ್ರೋಟೀನ್ ಮಜ್ಜಿಗೆಯಲ್ಲೇ ಉಳಿಯುತ್ತದೆ. ಹಾಗಾದರೆ ಒಳ್ಳೆಯದೇ ಅಲ್ವಾ? ಒಳ್ಳೆಯದೇ, ಆಮೇಲೆ ಅದಕ್ಕೆ ತಂಬಿಗೆಗಟ್ಟಲೆ ನೀರು ಸುರಿಯದಿದ್ದರೆ. ತೂಕ ಏರಿಸುವ ತಿಂಗಳುಗಳಲ್ಲಿ ಮಜ್ಜಿಗೆ ಬಿಟ್ಟು ಗಟ್ಟಿ ಮೊಸರು ಹಾಕಿಸಿಕೊಳ್ಳಿ. 200 ಗ್ರಾಂ ಮೊಸರಿಗೆ 7 ಗ್ರಾಂ ಸಿಗುತ್ತದೆ. ಕೊಟ್ಟಿಗೆಯಲ್ಲಿ ದನ ಇರುವವರು ಅದೃಷ್ಟವಂತರು. ಸಂಜೆ ಚಹಾ ಬದಲು ಕಷಾಯವನ್ನು ಪೂರ್ತಿ ಹಾಲಿನಲ್ಲೇ ಮಾಡಿಸಿಕೊಂಡು ಒಂದು ದೊಡ್ಡ ಲೋಟ ಕುಡಿಯಿರಿ.

ಬೆಳಗ್ಗೆ ತೆಳ್ಳೇವು (ಅಕ್ಕಿಯ ತೆಳು ದೋಸೆ), ಜೋನಿಬೆಲ್ಲ (ದ್ರವ ಬೆಲ್ಲ), ತುಪ್ಪ. ಕ್ಯಾಲರಿ ಚೆನ್ನಾಗಿದೆ, ಪ್ರೋಟೀನ್ ಕಡಿಮೆ. ವಾರದಲ್ಲಿ ನಾಲ್ಕು ದಿನವಾದರೂ ಹೆಸರು ಕಾಳು ನೆನೆಸಿ, ಸ್ವಲ್ಪ ಅಕ್ಕಿ ಸೇರಿಸಿ ದೋಸೆ ಹೊಯ್ಯಿಸಿ. 60 ಗ್ರಾಂ ಹೆಸರು, 40 ಗ್ರಾಂ ಅಕ್ಕಿ ನಿಮ್ಮ ಪಾಲಿಗೆ ಬಂದರೆ 17 ಗ್ರಾಂ. ಜೊತೆಗೆ 300 ಮಿಲಿ ಹಾಲು, ಇನ್ನೊಂದು 10. ತೆಳ್ಳೇವು ಬಿಡಲು ಆಗದವರು ಉಳಿದ ಮೂರು ದಿನ ಇಟ್ಟುಕೊಳ್ಳಿ, ಅದನ್ನು ಕಸಿದುಕೊಳ್ಳುವಷ್ಟು ಕಟುಕ ನಾನಲ್ಲ.

ಇನ್ನು ಸೋಯಾ ಚಂಕ್ಸ್. ಹಿರಿಯರಿಗೆ ಇದರ ವಾಸನೆ, ರೂಪ ಎರಡೂ ಆಗುವುದಿಲ್ಲ, "ಮಾಂಸದ ಹಾಗೆ ಕಾಣುತ್ತದೆ" ಅಂತಾರೆ. ಆದರೆ ಒಣ ಚಂಕ್ಸ್ 100 ಗ್ರಾಂನಲ್ಲಿ 50 ಗ್ರಾಂ ದಾಟಿ ಪ್ರೋಟೀನ್ ಇದೆ, ಬೆಲೆಯೂ ಕಡಿಮೆ. ರಾತ್ರಿಗೆ 30 ಗ್ರಾಂ ಸಾಕು. ಉಪ್ಪು ನೀರಲ್ಲಿ ಕುದಿಸಿ, ತಣ್ಣೀರಲ್ಲಿ ಎರಡು ಸಲ ತೊಳೆದು, ಗಟ್ಟಿಯಾಗಿ ಹಿಂಡಿ, ಆಮೇಲೆ ಕಾಯಿ ಮಸಾಲೆಗೆ ಹಾಕಿ. ಹಿಂಡದೆ ಹಾಕಿದರೆ ವಾಸನೆ ಹೋಗುವುದಿಲ್ಲ. ಸೋಯಾ ತಿಂದರೆ ಗಂಡಸುತನ ಕಡಿಮೆಯಾಗುತ್ತದೆ ಅನ್ನುವ ಮಾತಿಗೆ ಹೆದರಬೇಡಿ, ಇಷ್ಟು ಪ್ರಮಾಣದಲ್ಲಿ ಹಾರ್ಮೋನ್ ಏರುಪೇರು ಆಗುವುದಿಲ್ಲ.

ಪ್ರೋಟೀನ್ ಒಂದೇ ಸಾಲದು. ತೂಕ ಏರಬೇಕಾದರೆ ಈಗ ತಿನ್ನುವುದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲರಿ ಜಾಸ್ತಿ ಹೋಗಬೇಕು. ಅನ್ನವನ್ನೇ ಏರಿಸುತ್ತೇನೆ ಅಂದರೆ ಹೊಟ್ಟೆ ಕೇಳುವುದಿಲ್ಲ. ಅದಕ್ಕೇ ಸಣ್ಣ ಗಾತ್ರದ, ಗಟ್ಟಿ ತಿನಿಸು ಬೇಕು. ಒಂದು ಹಿಡಿ ಶೇಂಗಾ, ಅಂದರೆ 40 ಗ್ರಾಂ, 10 ಗ್ರಾಂ ಪ್ರೋಟೀನ್ ಕೊಡುತ್ತದೆ, ಕ್ಯಾಲರಿ 220ರ ಮೇಲೆ. ಅದರ ಜೊತೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಸೇರಿದರೆ 500 ದಾಟಿತು. ತೋಟದಲ್ಲಿ ಬಾಳೆಗೊನೆ ಹಣ್ಣಾಗಿ ಉದುರುತ್ತಿರುವಾಗ ಪೇಟೆಯಿಂದ ಬಿಸ್ಕತ್ತು ತರುವುದು ಯಾಕೆ? ನನ್ನನ್ನು ಕೇಳಿದರೆ ನಮ್ಮ ಅತ್ಯುತ್ತಮ ತಿನಿಸು ಪಂಚಕಜ್ಜಾಯ. ಹುರಿದ ಕಡಲೆಬೇಳೆ ಪುಡಿ, ಬೆಲ್ಲ, ಎಳ್ಳು, ಕಾಯಿ, ತುಪ್ಪ. ಒಳಗಿರುವುದೆಲ್ಲ ನಮಗೆ ಬೇಕಾದದ್ದೇ. ಚೌತಿ ಬರಲಿ ಅಂತ ಕಾಯಬೇಡಿ. ಕೊಬ್ಬರಿ ಹಾಕಿ ಮಾಡಿಟ್ಟರೆ ಕೆಲವು ದಿನ ಕೆಡುವುದೂ ಇಲ್ಲ.

ಒಮ್ಮೆಲೇ ಕಾಳು ಏರಿಸಿದರೆ ವಾಯು ಗ್ಯಾರಂಟಿ. ಎರಡು ವಾರದಲ್ಲಿ ನಿಧಾನ ಏರಿಸಿ, ರಾತ್ರಿಯೇ ನೆನೆಹಾಕಿ, ಆ ನೀರು ಚೆಲ್ಲಿ.

ಅಡಿಕೆ ಬೆಳೆಯುವ ಊರಲ್ಲಿ ಕೂತು ಈ ಮಾತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಕವಳ ಹಾಕುವ ಚಟ ಇದ್ದರೆ ಬಿಡಿ. ಅಡಿಕೆ ಹಸಿವನ್ನು ಕೊಲ್ಲುತ್ತದೆ. ತಂಬಾಕು ಇಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವೇ ಹೇಳಿದೆ. ಬೆಳೆದು ಮಾರುವುದು ಬೇರೆ ಮಾತು. ಊಟದ ಬೆನ್ನಿಗೇ ಚಹಾವೂ ಬೇಡ, ಬೇಳೆ-ಸೊಪ್ಪಿನ ಕಬ್ಬಿಣ ಮೈಗೆ ಸೇರದ ಹಾಗೆ ಅದು ತಡೆಯುತ್ತದೆ.

"ತೋಟದ ಕೆಲಸ ಮಾಡುತ್ತೇನಲ್ಲ, ಮತ್ತೆ ಜಿಮ್ ಯಾಕೆ" ಅನ್ನುವವರಿಗೆ: ಅಡಿಕೆ ಕೊನೆ (ಗೊನೆ) ಹೊರುವುದು ದೊಡ್ಡ ಕೆಲಸವೇ, ಆದರೆ ಹೊರೆ ವರ್ಷವೂ ಅಷ್ಟೇ ಇರುತ್ತದೆ. ಮಾಂಸಖಂಡ ಬೆಳೆಯುವುದು ಭಾರ ಮೆಲ್ಲಗೆ ಏರುತ್ತಾ ಹೋದಾಗ. ವಾರಕ್ಕೆ ಮೂರು ದಿನ ಸಾಕು. ಕೂತೇಳುವುದು, ತಳ್ಳುವುದು, ಎಳೆಯುವುದು, ನೆಲದಿಂದ ಎತ್ತುವುದು, ತಲೆ ಮೇಲೆ ಎತ್ತುವುದು, ಈ ಐದು ಬಗೆ ಇದ್ದರೆ ಆಯಿತು. ಒಂದೊಂದನ್ನೂ 8ರಿಂದ 12 ಸಲ, ಮೂರು ಸುತ್ತು. 12 ಆರಾಮಾಗಿ ಆಗತೊಡಗಿದಾಗ ಭಾರ ಏರಿಸಿ. ಏನು ಎತ್ತಿದಿರಿ ಅಂತ ಪುಸ್ತಕದಲ್ಲಿ ಬರೆದಿಡಿ. ಆಷಾಢದ ಮಳೆಯಲ್ಲಿ ಘಟ್ಟದ ಹಳ್ಳಿಯಿಂದ ಪೇಟೆ ಜಿಮ್ಮಿಗೆ ಹೋಗುವುದು ಸಾಧ್ಯವಿಲ್ಲದ ಮಾತು, ಆಗ ಜಗಲಿಯಲ್ಲೇ ದಂಡ, ಬೈಠಕ್ ಹೊಡೆಯಿರಿ. ಶಾಲೆಯ ಹಳೇ ಬ್ಯಾಗಿಗೆ 5 ಕಿಲೋ ಅಕ್ಕಿ ತುಂಬಿ ಬೆನ್ನಿಗೇರಿಸಿ, ಮುಂದೆ 7, 10 ಅಂತ ಏರಿಸಿ. ಪುಲ್ಅಪ್‌ಗೆ ಗಟ್ಟಿ ಕಬ್ಬಿಣದ ಪೈಪೇ ಬೇಕು. ಅಡಿಕೆ ಮರ ಸೀಳಿದ ದಬ್ಬೆಗೆ ನೇತಾಡಬೇಡಿ, ಮಳೆ ತಿಂದ ದಬ್ಬೆ ಮುರಿದು ಬೆನ್ನು ಮುರಿದುಕೊಂಡೀರಿ. ರಾತ್ರಿ ಏಳೆಂಟು ತಾಸು ನಿದ್ದೆ ಬೇಕೇ ಬೇಕು. ಯಕ್ಷಗಾನ ನೋಡಿ ಬಂದ ಮರುದಿನ ಭಾರ ಎತ್ತುವ ಶೂರತನ ಬೇಡ.

ಪೌಡರ್ ವಿಷಯ ಚಿಕ್ಕದಾಗಿ. ವೇ (whey) ಪೌಡರ್ ಅಂದರೆ ಹಾಲಿನ ಪ್ರೋಟೀನೇ, ಲೆಕ್ಕ ತುಂಬದಿದ್ದರೆ ಮಾತ್ರ ತನ್ನಿ. ಭಾರ ಎತ್ತುವಾಗ ಮಾಂಸಖಂಡಕ್ಕೆ ಶಕ್ತಿ ಒದಗಿಸುವ ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ಸಸ್ಯಾಹಾರಿಗಳಿಗೆ ನಿಜಕ್ಕೂ ಉಪಯೋಗ, ಯಾಕೆಂದರೆ ಊಟದಿಂದ ಅದು ನಮಗೆ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮೊದಲೇ ವೈದ್ಯರನ್ನು ಕೇಳಬೇಕು. ವಿಟಮಿನ್ ಬಿ12 ಮತ್ತು ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಕ್ಯಾಪ್ಸೂಲ್ ಬರೆದುಕೊಟ್ಟರೆ ಹೊರಕವಚ ಜೆಲಟಿನ್ನದ್ದೋ ಅಂತ ಕೇಳಿ, ಅದು ಪ್ರಾಣಿಜನ್ಯ.

ವಾರಕ್ಕೊಮ್ಮೆ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ತೂಕ ನೋಡಿ, ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿಯಿರಿ. ತಿಂಗಳಿಗೆ ಒಂದು ಕಿಲೋ ಏರಿದರೆ ಒಳ್ಳೆಯ ವೇಗ. ಸೊಂಟ ಮಾತ್ರ ಏರಿ ಎತ್ತುವ ಭಾರ ಏರದಿದ್ದರೆ ತುಪ್ಪ-ಬೆಲ್ಲ ಸ್ವಲ್ಪ ಇಳಿಸಿ, ವ್ಯಾಯಾಮ ಸರಿಮಾಡಿ. ಮೂರು ವಾರ ಮುಳ್ಳು ಅಲ್ಲಾಡದಿದ್ದರೆ ಇನ್ನೊಂದು ಹಿಡಿ ಶೇಂಗಾ ಸೇರಿಸಿ. ಇಷ್ಟೆಲ್ಲ ತಿಂದೂ ತೂಕ ಇಳಿಯುತ್ತಾ ಹೋದರೆ ಥೈರಾಯ್ಡ್, ಸಕ್ಕರೆ, ಜಂತುಹುಳು ಯಾವುದಾದರೂ ಇದ್ದೀತು, ವೈದ್ಯರ ಹತ್ತಿರ ಹೋಗಿ.